ಎಡಗೈಯಲ್ಲಿ ನಾಡಿ ಸಿಗದ ಮೇಲೆ

ನನ್ನ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ. ಮಣಿಕಟ್ಟಿನ ಮೇಲೆ ಎಷ್ಟು ಹೊತ್ತು ಬೆರಳಿಟ್ಟು ಕಾದರೂ ಏನೂ ಬಡಿಯುವುದಿಲ್ಲ. ಆದರೂ ಕೈ ಚೆನ್ನಾಗಿದೆ. ಬೆರಳು ಆಡುತ್ತವೆ, ಚಾಕ್‌ಪೀಸ್ ಹಿಡಿಯುತ್ತವೆ, ಮಕ್ಕಳ ನೋಟ್‌ಬುಕ್ಕಿಗೆ ಸಹಿ ಹಾಕುತ್ತವೆ. ನನಗಿರುವ ಕಾಯಿಲೆಯ ಹೆಸರು ಟಕಯಾಸು ಆರ್ಟರೈಟಿಸ್. ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರಿಂದ ಕವಲೊಡೆಯುವ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಉರಿಯೂತ ಬರುವ ಕಾಯಿಲೆ ಇದು. ಗೋಡೆ ದಪ್ಪವಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ, ಕೆಲವು ಕಡೆ ಪೂರ್ತಿ ಮುಚ್ಚಿಯೂ ಹೋಗುತ್ತದೆ. ಅಪರೂಪದ ಕಾಯಿಲೆ. ಬರುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಅದೂ ಸಾಮಾನ್ಯವಾಗಿ 40 ದಾಟುವ ಮೊದಲೇ.

ನನಗೆ ಬಂದಾಗ 26 ವಯಸ್ಸು. ಆಗ ನಮ್ಮ ಕಡೆಯವರು ಯಾರಾದರೂ ನಮ್ಮ ಮಾತಿನಲ್ಲಿ ಇದರ ಬಗ್ಗೆ ಹೇಳಿದ್ದರೆ ಎಷ್ಟೋ ಧೈರ್ಯ ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಟೀಚರ್. ಎಡಗೈಯಲ್ಲೇ ಬರೆಯುವವಳು. ಮೊದಲು ತೊಂದರೆ ಕಂಡದ್ದು ಬೋರ್ಡಿನ ಮುಂದೆ. ಮೇಲಿನ ಎರಡು ಸಾಲು ಬರೆಯುವಷ್ಟರಲ್ಲಿ ತೋಳು ಭಾರವಾಗಿ, ನೋವು ಬಂದು, ಕೈ ತಾನಾಗಿ ಕೆಳಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಇಳಿಬಿಟ್ಟು ನಿಂತರೆ ಸರಿಹೋಗುತ್ತಿತ್ತು. ಮತ್ತೆ ಎತ್ತಿದರೆ ಮತ್ತೆ ಅದೇ. ಮನೆಯಲ್ಲಿ ಜಡೆ ಹೆಣೆಯುವಾಗಲೂ ಹೀಗೇ. ಅರ್ಧ ಹೆಣೆದು ಅವ್ವನಿಗೆ ತಲೆ ಒಡ್ಡುತ್ತಿದ್ದೆ. ತಂತಿ ಮೇಲೆ ಬಟ್ಟೆ ಒಣಹಾಕಲು ಕತ್ತು ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು.

ಇದಕ್ಕೂ ಮೊದಲು ಹಲವು ತಿಂಗಳು ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು. ತೂಕ ಇಳಿಯಿತು. ಊಟ ಸೇರುತ್ತಿರಲಿಲ್ಲ. ಕುತ್ತಿಗೆಯ ಎಡಭಾಗ ಮುಟ್ಟಿದರೆ ನೋವು. ನಮ್ಮ ಊರಲ್ಲಿ ಬೇಸಿಗೆ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲಲ್ಲಿ ಸುಸ್ತು ಯಾರಿಗಿಲ್ಲ? ಮದುವೆಯಾಗದ ಹುಡುಗಿ ಸೊರಗಿದರೆ ಜನ ಹೇಳುವ ಕಾರಣಗಳೇ ಬೇರೆ. ಒಬ್ಬರು ದೃಷ್ಟಿ ಅಂದರು. ಒಬ್ಬರು ರಕ್ತ ಕಡಿಮೆ ಅಂದರು. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು.

ಕ್ಲಿನಿಕ್ಕುಗಳಿಗೂ ಹೋದೆವು. ಯಾವುದು, ಯಾರು ಎಂದು ಹೇಳುವುದು ನನಗೆ ಬೇಡ. ಕಬ್ಬಿಣದ ಮಾತ್ರೆ ಕೊಟ್ಟರು, ಬಿ 12 ಚುಚ್ಚುಮದ್ದು ಕೊಟ್ಟರು. ಕುತ್ತಿಗೆಯ ಎಕ್ಸ್‌ರೇ ತೆಗೆದು ಸವೆತ ಇದೆ ಎಂದರು, ಪಟ್ಟಿ ಹಾಕಿಸಿದರು. ಇದೆಲ್ಲ ಹೋಗಲಿ. ನನಗೆ ಈಗಲೂ ಸಂಕಟವಾಗುವುದು ಬಿಪಿಯ ವಿಷಯ. ಹೋದಲ್ಲೆಲ್ಲ ಕುರ್ಚಿಯ ಪಕ್ಕ ಮೇಜು, ಮೇಜಿನ ಮೇಲೆ ಬಿಪಿ ಮಷೀನು, ಹತ್ತಿರ ಇದ್ದದ್ದು ನನ್ನ ಎಡಗೈ. ಅದಕ್ಕೇ ಪಟ್ಟಿ ಸುತ್ತುತ್ತಿದ್ದರು. 90/60 ಬರುತ್ತಿತ್ತು. ಕೆಲವೊಮ್ಮೆ ಮಷೀನು ಎರರ್ ಅಂತ ತೋರಿಸುತ್ತಿತ್ತು. ಸೆಲ್ ಹೋಗಿರಬೇಕು ಎಂದು ಕಾಂಪೌಂಡರ್ ಬೇರೆ ಸೆಲ್ ಹಾಕಿ ಮತ್ತೆ ನೋಡುತ್ತಿದ್ದ. ಕೊನೆಗೆ ಲೋ ಬಿಪಿ ಅಂತ ಬರೆದುಕೊಟ್ಟರು. ಉಪ್ಪು ಜಾಸ್ತಿ ತಿನ್ನು, ಮಜ್ಜಿಗೆಗೆ, ನಿಂಬೆಹಣ್ಣಿನ ನೀರಿಗೆ ಉಪ್ಪು ಹಾಕಿ ಕುಡಿ ಎಂದರು. ಅವ್ವ ಅದನ್ನು ವ್ರತದ ಹಾಗೆ ನಡೆಸಿದಳು. ಉಪ್ಪಿನಕಾಯಿಯ ಭರಣಿ ನನ್ನ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ತಲೆನೋವು ಮಾತ್ರ ದಿನದಿಂದ ದಿನಕ್ಕೆ ಹೆಚ್ಚಾಯಿತು. ಬೆಳಗ್ಗೆ ಏಳುವಾಗಲೇ ತಲೆಯ ಹಿಂಭಾಗ ಸಿಡಿಯುತ್ತಿತ್ತು.

ನಿಜವಾದ ಸುಳಿವು ಸಿಕ್ಕಿದ್ದು ಒಬ್ಬ ನಾಟಿ ವೈದ್ಯರಿಂದ. ಅವ್ವನ ತವರಿನ ಕಡೆಯ ವಯಸ್ಸಾದವರು, ನಾಡಿ ಹಿಡಿದು ಔಷಧ ಕೊಡುತ್ತಾರೆ. ಗಂಡಸರದು ಬಲಗೈ, ಹೆಂಗಸರದು ಎಡಗೈ ಹಿಡಿಯುವುದು ಅವರ ಪದ್ಧತಿ. ನನ್ನ ಎಡಗೈ ಹಿಡಿದರು. ಬೆರಳು ಆಚೆ ಈಚೆ ಸರಿಸಿದರು. ನನ್ನ ಮುಖ ನೋಡಿದರು. ಮತ್ತೆ ಹಿಡಿದರು. "ಯವ್ವಾ, ಈ ಕೈಯಾಗ ನಾಡೀನ ಸಿಗವಲ್ದು. ಇದು ನನ್ನ ಔಷಧದಾಗ ಆಗೋದಲ್ಲ. ನಾಳೀಗೇ ರಾಯಚೂರಿಗೆ ಕರ್ಕೊಂಡು ಹೋಗ್ರಿ" ಎಂದರು. ದುಡ್ಡು ಮುಟ್ಟಲಿಲ್ಲ. ಗೊತ್ತಿಲ್ಲದ್ದಕ್ಕೆ ಕಷಾಯ ಕುದಿಸಿಕೊಡಲಿಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಕೊನೆಯವರೆಗೂ ಋಣಿ. ಸುಗ್ಗಿಯಾದ ಮೇಲೆ ಅಪ್ಪ ಒಂದು ಚೀಲ ಸೋನಾ ಮಸೂರಿ ಅವರ ಮನೆಗೆ ಇಳಿಸಿ ಬಂದರು.

ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋದೆವು. ಸರದಿ ಉದ್ದ ಇತ್ತು, ಅದೇನೂ ಹೊಸದಲ್ಲ. ಮೆಡಿಸಿನ್ ವಿಭಾಗದಲ್ಲಿ ಒಬ್ಬ ಯುವ ವೈದ್ಯೆ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಎರಡೂ ಮಣಿಕಟ್ಟನ್ನು ಒಟ್ಟಿಗೆ ಹಿಡಿದರು. ಬಲಗಡೆ ಇದೆ, ಎಡಗಡೆ ಇಲ್ಲ. ಮೊಣಕೈ ಒಳಭಾಗ ನೋಡಿದರು. ಕುತ್ತಿಗೆಯ ಎರಡೂ ಬದಿ ನೋಡಿದರು, ತೊಡೆಯ ಸಂದಿ ನೋಡಿದರು, ಪಾದದ ಮೇಲೂ ನೋಡಿದರು. ಸ್ಟೆತಾಸ್ಕೋಪನ್ನು ಕೊರಳೆಲುಬಿನ ಹತ್ತಿರ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಹೊಟ್ಟೆಯ ಮೇಲೂ ಇಟ್ಟು ಕೇಳಿದರು. ಇಕ್ಕಟ್ಟಾದ ನಾಳದಲ್ಲಿ ರಕ್ತ ನುಗ್ಗುವಾಗ ಸುಯ್ ಅನ್ನುವ ಸದ್ದು ಬರುತ್ತದಂತೆ. ಅದಕ್ಕೆ ಬ್ರೂಯಿ ಅನ್ನುತ್ತಾರೆ.

ಆಮೇಲೆ ಬಿಪಿ. ಎಡಗೈ 90ರ ಸುತ್ತ. ಬಲಗೈಗೆ ಪಟ್ಟಿ ಸುತ್ತಿದರು. 180/110.

ಅವರು ಇನ್ನೊಮ್ಮೆ ನೋಡಿದರು. ಅಷ್ಟೇ ಬಂತು. ಕಾಲಿಗೂ ದೊಡ್ಡ ಪಟ್ಟಿ ಸುತ್ತಿ ನೋಡಿದರು, ಅಲ್ಲೂ ಜಾಸ್ತಿಯೇ. ಅಂದರೆ ನನಗೆ ಲೋ ಬಿಪಿ ಇರಲೇ ಇಲ್ಲ. ಎಡ ತೋಳಿಗೆ ಹೋಗುವ ನಾಳ ಮುಚ್ಚಿದ್ದರಿಂದ ಅಲ್ಲಿ ಮಾತ್ರ ಒತ್ತಡ ಕಡಿಮೆ ಕಾಣುತ್ತಿತ್ತು. ಉಳಿದ ಮೈಯಲ್ಲಿ ಅಪಾಯದ ಮಟ್ಟದ ಬಿಪಿ. ಅದರ ಮೇಲೆ ನಾನು ಉಪ್ಪಿನ ಮಜ್ಜಿಗೆ ಕುಡಿಯುತ್ತಿದ್ದೆ. ಆ ದಿನವೇ ಅಡ್ಮಿಟ್ ಮಾಡಿಕೊಂಡರು.

ಎರಡೂ ತೋಳಿನ ಬಿಪಿಯಲ್ಲಿ 10 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದು ಈ ಕಾಯಿಲೆಯ ಗುರುತುಗಳಲ್ಲಿ ಒಂದು ಎಂದು ಆ ವೈದ್ಯೆ ಹೇಳಿದರು. ವಯಸ್ಸಾದವರಲ್ಲಿ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಚಿಕ್ಕ ವಯಸ್ಸಿನ ಹುಡುಗಿಗೆ ಜ್ವರ, ತೂಕ ಇಳಿತ, ತೋಳು ಸೋಲುವುದು, ಒಂದು ಕೈಯಲ್ಲಿ ನಾಡಿ ಇಲ್ಲದಿರುವುದು, ಇವೆಲ್ಲ ಸೇರಿದರೆ ಇದನ್ನು ನೆನೆಯಲೇಬೇಕಂತೆ. ಬಿಪಿ ನೋಡಿಸಿಕೊಳ್ಳುವಾಗ ಇನ್ನೊಂದು ಕೈಯನ್ನೂ ಚಾಚಲು ಒಂದೇ ನಿಮಿಷ ಸಾಕು. ನನ್ನ ಪಾಲಿಗೆ ಆ ನಿಮಿಷ ಬಂದದ್ದು ತುಂಬ ತಡವಾಗಿ. ಹಾಗಾಗಿ ಯಾರು ಸಿಕ್ಕರೂ ಇದನ್ನೇ ಮೊದಲು ಹೇಳುತ್ತೇನೆ. ಚಿಕ್ಕ ವಯಸ್ಸಿನವರಿಗೆ ಬಿಪಿಯಲ್ಲಿ ಏನೇ ಹೆಚ್ಚುಕಡಿಮೆ ಕಂಡರೂ ಎರಡೂ ಕೈ ನೋಡಿಸಿ.

ವಾರ್ಡಿನಲ್ಲಿ ಮೆಡಿಕಲ್ ಓದುವ ಮಕ್ಕಳು ಗುಂಪಾಗಿ ಬಂದು ನನ್ನ ಕೈ ಹಿಡಿದು ನೋಡುತ್ತಿದ್ದರು. ಅವ್ವನಿಗೆ ಬೇಜಾರಾಗುತ್ತಿತ್ತು. ನನಗೆ ಆಗಲಿಲ್ಲ. ನಾನೂ ಟೀಚರ್ ಅಲ್ವಾ. ಒಂದು ಸಲ ನಾಡಿ ಇಲ್ಲದ ಕೈ ಮುಟ್ಟಿದ ಹುಡುಗ ನಾಳೆ ಲಿಂಗಸುಗೂರಿನಲ್ಲೋ ಮಸ್ಕಿಯಲ್ಲೋ ಕೂತಾಗ ಮರೆಯುವುದಿಲ್ಲ. ಎಷ್ಟು ಬೇಕಾದರೂ ಹಿಡಿದು ನೋಡಲಿ ಅನ್ನಿಸಿತು.

ರಕ್ತ ಪರೀಕ್ಷೆಯಲ್ಲಿ ಇಎಸ್ಆರ್, ಸಿಆರ್‌ಪಿ ಎರಡೂ ತುಂಬ ಮೇಲಿದ್ದವು. ಇವು ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದು ಹೇಳುತ್ತವೆ, ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎಂದು ತಿಳಿಯಲು ಸಿಟಿ ಆಂಜಿಯೋಗ್ರಫಿ ಬೇಕಾಯಿತು. ಮೊದಲು ಕಿಡ್ನಿ ಸರಿಯಿದೆಯಾ ಎಂದು ಕ್ರಿಯಾಟಿನಿನ್ ನೋಡಿದರು, ಯಾಕೆಂದರೆ ಅದರಲ್ಲಿ ಹಾಕುವ ಬಣ್ಣದ ಔಷಧ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಮೇಜಿನ ಮೇಲೆ ಮಲಗಿಸಿ, ಬಲಗೈ ನರಕ್ಕೆ ಸೂಜಿ ಹಾಕಿದರು. ಔಷಧ ಒಳಗೆ ಹೋದ ಕೂಡಲೇ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಹರಿಯಿತು. ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸಿ ಗಾಬರಿಯಾಯಿತು. ಹೋಗಿರುವುದಿಲ್ಲ. ಎಲ್ಲರಿಗೂ ಹಾಗೇ ಅನ್ನಿಸುತ್ತದಂತೆ. ಉಸಿರು ಹಿಡಿ ಅಂದಾಗ ಹಿಡಿದರೆ ಆಯಿತು. ಸ್ಕ್ಯಾನ್ ಬೇಗ ಮುಗಿಯುತ್ತದೆ, ನೋವಿಲ್ಲ. ಇದನ್ನು ಯಾಕೆ ಬರೆದೆ ಅಂದರೆ, ಹೊರಗೆ ಕಾಯುತ್ತಿದ್ದ ಇನ್ನೊಬ್ಬ ಹುಡುಗಿ ಹೆದರಿ ಅಳುತ್ತಿದ್ದಳು.

ವರದಿಯಲ್ಲಿ ಮೂರು ಕಡೆ ತೊಂದರೆ ಕಂಡಿತು. ಎಡ ತೋಳಿಗೆ ಹೋಗುವ ಸಬ್‌ಕ್ಲೇವಿಯನ್ ನಾಳ ಒಂದು ಜಾಗದಲ್ಲಿ ಮುಚ್ಚಿತ್ತು. ಮಿದುಳಿಗೆ ಹೋಗುವ ಎಡ ಕೆರೋಟಿಡ್ ನಾಳದ ಗೋಡೆ ದಪ್ಪವಾಗಿತ್ತು. ಎಡ ಕಿಡ್ನಿಗೆ ಹೋಗುವ ನಾಳ ಕಿರಿದಾಗಿತ್ತು. ತೋಳು ಉಳಿದದ್ದು ಹೇಗೆ ಎಂದು ಕೇಳಿದೆ. ನಾಳ ನಿಧಾನವಾಗಿ ಮುಚ್ಚಿದಾಗ ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ಬಳಸುದಾರಿ ಮಾಡಿಕೊಳ್ಳುತ್ತವೆ ಎಂದರು. ಸುಮ್ಮನಿರುವ ತೋಳಿಗೆ ಆ ರಕ್ತ ಸಾಕು. ಬೋರ್ಡಿನ ಮೇಲೆ ಬರೆಯುವ ತೋಳಿಗೆ ಸಾಲದು.

ಬಿಪಿ ಏರಿದ್ದಕ್ಕೆ ಕಾರಣ ಕಿಡ್ನಿಯ ನಾಳ. ಇದನ್ನು ನಮ್ಮ ಅಪ್ಪ ನನಗಿಂತ ಬೇಗ ಅರ್ಥ ಮಾಡಿಕೊಂಡರು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಹೊಲ. ಮೇಲೆ ಎಲ್ಲೋ ನೀರು ನಿಂತರೆ ಕೆಳಗಿನವರು ಹೋಗಿ ಗೇಟು ಎತ್ತಿ, ಇನ್ನೂ ನೀರು ಬಿಡಿ ಎಂದು ಕೂಗುತ್ತಾರೆ. ಕಿಡ್ನಿಯೂ ಹಾಗೇ ಕೂಗುತ್ತದೆ. ತನಗೆ ರಕ್ತ ಸಾಲುತ್ತಿಲ್ಲ ಎಂದು ರೆನಿನ್ ಅನ್ನುವ ಪದಾರ್ಥ ಬಿಡುತ್ತದೆ, ಅದರಿಂದ ಇಡೀ ಮೈಯ ಒತ್ತಡ ಏರುತ್ತದೆ. "ಅಂದ್ರ ತಪ್ಪು ಕಿಡ್ನೀದಲ್ಲ, ನಡುವ ನಾಳ ಕಟ್ಟೇತಿ" ಎಂದರು ಅಪ್ಪ. ಡಾಕ್ಟರ್ ಹೌದು ಎಂದು ತಲೆಯಾಡಿಸಿದರು.

ಟಕಯಾಸು ಎಂಬುದು ಒಬ್ಬ ಜಪಾನಿ ವೈದ್ಯರ ಹೆಸರು. ಮಿಕಿಟೊ ಟಕಯಾಸು ಕಣ್ಣಿನ ಡಾಕ್ಟರ್. 1908ರಲ್ಲಿ ಅವರು 21 ವರ್ಷದ ಒಬ್ಬ ಹುಡುಗಿಯ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ವಿಚಿತ್ರವಾಗಿ ಒಂದಕ್ಕೊಂದು ಸೇರಿಕೊಂಡಿರುವುದನ್ನು ಕಂಡು ತಮ್ಮ ಜೊತೆಯ ವೈದ್ಯರಿಗೆ ವರದಿ ಮಾಡಿದರು. ಆಗ ಒನಿಶಿ ಮತ್ತು ಕಾಗೋಶಿಮಾ ಎಂಬ ಇನ್ನಿಬ್ಬರು ತಾವೂ ಅಂಥ ರೋಗಿಗಳನ್ನು ನೋಡಿದ್ದೇವೆ, ಅವರ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ ಎಂದರಂತೆ. ಮುಂದೆ ಇದಕ್ಕೆ ನಾಡಿ ಇಲ್ಲದ ಕಾಯಿಲೆ ಎಂಬ ಹೆಸರೂ ಬಂತು. ಜಪಾನ್, ಭಾರತ ಸೇರಿ ಏಷ್ಯಾದ ದೇಶಗಳಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಕಾಣುತ್ತದೆ. ಆ ಜಪಾನಿ ಹುಡುಗಿಯನ್ನು ನಾನು ಆಗಾಗ ನೆನೆಯುತ್ತೇನೆ. ಅವಳ ಕಾಲದಲ್ಲಿ ಔಷಧವೇ ಇರಲಿಲ್ಲ. ನನ್ನ ಕಣ್ಣನ್ನೂ ಪರೀಕ್ಷೆ ಮಾಡಿದರು. ದೇವರ ದಯೆ, ಹಿಂಪರದೆ ಚೆನ್ನಾಗಿತ್ತು.

ಇದು ಯಾಕೆ ಬರುತ್ತದೆ? ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ನಾಳದ ಗೋಡೆಯ ಮೇಲೆ ಬೀಳುತ್ತದೆ. ಅದು ಯಾಕೆ ಹಾಗೆ ತಿರುಗುತ್ತದೆ ಎಂಬುದು ವೈದ್ಯರಿಗೂ ಇನ್ನೂ ಸ್ಪಷ್ಟವಾಗಿಲ್ಲ. ಟಿಬಿಗೂ ಇದಕ್ಕೂ ನಂಟಿರಬಹುದು ಎಂಬ ಅನುಮಾನ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಇದೆ, ಸಾಬೀತಾಗಿಲ್ಲ. ಒಂದು ಮಾತ್ರ ಖಚಿತ. ಇದು ಅಂಟುವ ಕಾಯಿಲೆಯಲ್ಲ. ನಮ್ಮ ಓಣಿಯಲ್ಲಿ ಕೆಲವರು ನಮ್ಮ ಮನೆಯ ನೀರು ಕುಡಿಯಲು ಹಿಂಜರಿದಾಗ ಅವ್ವ ಇದನ್ನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು.

ರಾಯಚೂರಿನವರು ಬಿಪಿ ಹತೋಟಿಗೆ ತಂದು, ರುಮಟಾಲಜಿ ವಿಭಾಗ ಇರುವ ಕಡೆ ಹೋಗಿ ಎಂದರು. ರುಮಟಾಲಜಿ ಅಂದರೆ ಕೀಲುನೋವಿನ ವಿಭಾಗ ಎಂದು ನಾನು ತಿಳಿದಿದ್ದೆ. ರಕ್ತನಾಳದ ಉರಿಯೂತವೂ ಅವರದೇ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿದರೆ ತೆಲಂಗಾಣ. ಮಖ್ತಲ್, ಮಹಬೂಬ್‌ನಗರದ ಮೇಲೆ ಬಸ್ಸು ಹೋಗುತ್ತದೆ. ಅಲ್ಲಿನ ನಿಮ್ಸ್ ಆಸ್ಪತ್ರೆಗೆ ಹೋದೆವು. ಭಾಷೆಯ ಭಯ ನನಗಿರಲಿಲ್ಲ. ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದು ನೆಲೆಸಿದವರು ತುಂಬ ಜನ, ನನ್ನ ಶಾಲೆಯಲ್ಲೂ ಅವರ ಮಕ್ಕಳಿದ್ದಾರೆ. ಅವರಿಂದ ಕಲಿತ ತೆಲುಗು ಅಲ್ಲಿ ಚೆನ್ನಾಗಿ ಕೆಲಸಕ್ಕೆ ಬಂತು.

ಅಲ್ಲಿ ಮೊದಲು ಮಾಡಿದ್ದು ಟಿಬಿ ಇದೆಯಾ ಎಂದು ನೋಡುವುದು. ತೋಳಿಗೆ ಮ್ಯಾಂಟೂ ಚುಚ್ಚಿದರು, ಎದೆಯ ಎಕ್ಸ್‌ರೇ ತೆಗೆದರು. ಇನ್ನು ಮುಂದೆ ಕೊಡುವ ಔಷಧ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ಒಳಗೆ ಟಿಬಿ ಅಡಗಿದ್ದರೆ ಅದು ಎದ್ದು ಕೂರುತ್ತದೆ. ಟಿಬಿ ಇರಲಿಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕ. ನನಗೆ ದಿನಕ್ಕೆ 40.

ಸ್ಟೀರಾಯ್ಡ್ ಬಗ್ಗೆ ನಮ್ಮ ಜನರಲ್ಲಿ ಭಯ ಜಾಸ್ತಿ. ಭಯ ಸುಳ್ಳಲ್ಲ, ಆದರೆ ಅರ್ಧವೇ ನಿಜ. ಒಂದು ವಾರದಲ್ಲಿ ಜ್ವರ ಹೋಯಿತು. ಕುತ್ತಿಗೆ ನೋವು ಹೋಯಿತು. ಎಷ್ಟೋ ಕಾಲದ ಮೇಲೆ ರೊಟ್ಟಿ, ಪುಂಡಿಪಲ್ಯ ರುಚಿಸಿತು. ಆಮೇಲೆ ಹಸಿವು ಎಷ್ಟಾಯಿತೆಂದರೆ ರಾತ್ರಿ ಎದ್ದು ಡಬ್ಬಿ ತಡಕುತ್ತಿದ್ದೆ. ನಿದ್ದೆ ಹೋಯಿತು. ಮುಖ ದುಂಡಗೆ ಊದಿತು. ಗಲ್ಲದ ಮೇಲೆ ಕೂದಲು, ಬೆನ್ನ ತುಂಬ ಮೊಡವೆ. ಸಕ್ಕರೆ ಪರೀಕ್ಷೆಯಲ್ಲಿ ಅಂಕ ಏರಿತು. ಶಾಲೆಗೆ ಮರಳಿದ ದಿನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು "ಹೊಸ ಟೀಚರಾ?" ಎಂದು ಪಕ್ಕದವಳನ್ನು ಕೇಳಿದಳು. ಆ ರಾತ್ರಿ ಅತ್ತೆ. ಡೋಸು ಇಳಿದ ಹಾಗೆ ಮುಖವೂ ಇಳಿಯುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಇಳಿಯಿತು. ನಿಧಾನಕ್ಕೆ, ಆದರೆ ಇಳಿಯಿತು. ಈಗ ಈ ಮಾತ್ರೆ ಶುರು ಮಾಡುತ್ತಿರುವ ಹುಡುಗಿಯರಿಗೆ ನಾನು ಅದನ್ನೇ ಹೇಳುತ್ತೇನೆ. ಅದು ನಿಮ್ಮ ಮುಖವಲ್ಲ, ಮಾತ್ರೆಯ ಮುಖ.

ಮಾತ್ರೆಯನ್ನು ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳಬೇಕು. ಸಂಜೆ ತಗೊಂಡರೆ ನಿದ್ದೆ ಇನ್ನೂ ಕೆಡುತ್ತದೆ. ಮೂಳೆ ಸವೆಯದಿರಲಿ ಎಂದು ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ. ಉಪ್ಪು, ಸಿಹಿ ಎರಡನ್ನೂ ಕಟ್ಟುನಿಟ್ಟಾಗಿ ಇಳಿಸಬೇಕು. ನಮ್ಮಲ್ಲಿ ಸಂಜೆಯಾದರೆ ಮಂಡಾಳ ಒಗ್ಗರಣೆ, ಮಿರ್ಚಿ ಇಲ್ಲದೆ ದಿನ ಮುಗಿಯುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಎಲ್ಲದರಲ್ಲೂ ಉಪ್ಪೇ. ಅವ್ವ ನನ್ನ ಪಾಲಿನ ಸಾರು ಬೇರೆ ತೆಗೆದಿಟ್ಟು ಉಳಿದದ್ದಕ್ಕೆ ಉಪ್ಪು ಹಾಕುವುದನ್ನು ರೂಢಿ ಮಾಡಿಕೊಂಡಳು. ಉಪ್ಪು ಜಾಸ್ತಿ ತಿನ್ನಿಸಿದ್ದು ತನ್ನ ತಪ್ಪು ಎಂದು ಅವಳು ಈಗಲೂ ಕೊರಗುತ್ತಾಳೆ. ಅವಳ ತಪ್ಪಲ್ಲ. ಚೀಟಿಯಲ್ಲಿ ಬರೆದದ್ದನ್ನು ಅವಳು ಮಾಡಿದಳು ಅಷ್ಟೇ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ನಮಗೆ ಬೇಕಾದ ಸ್ಟೀರಾಯ್ಡನ್ನು ದಿನಾ ತಾನೇ ತಯಾರಿಸುತ್ತದೆ. ಹೊರಗಿನಿಂದ ಬಹಳ ದಿನ ಕೊಟ್ಟಾಗ ಅದು ಕೆಲಸ ನಿಲ್ಲಿಸುತ್ತದೆ. ದಿಢೀರನೆ ಮಾತ್ರೆ ಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ. ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ನನ್ನ ಊದಿದ ಮುಖ ನೋಡಿ ಸಂಬಂಧಿಕರೊಬ್ಬರು ಈ ವಿಷ ಬಿಡು, ನಾನು ಬೇರೆ ಪುಡಿ ತಂದುಕೊಡುತ್ತೇನೆ ಎಂದು ಬೆನ್ನು ಹತ್ತಿದರು. ಅಪ್ಪ ಅವರನ್ನು ಕೂರಿಸಿ, ಊಟ ಹಾಕಿಸಿ, ಪುಡಿ ವಾಪಸ್ ಕೊಟ್ಟು ಕಳಿಸಿದರು.

ಸ್ಟೀರಾಯ್ಡ್ ಇಳಿಸಲು ಜೊತೆಗೆ ಇನ್ನೊಂದು ಔಷಧ ಬೇಕು. ನನಗೆ ಕೊಟ್ಟದ್ದು ಮೆಥೋಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾ ತಗೊಂಡರೆ ರಕ್ತಕಣ ಕುಸಿದು ಪ್ರಾಣ ಹೋಗಬಹುದು. ಔಷಧದ ಅಂಗಡಿಯಲ್ಲಿ ಅವಸರಕ್ಕೆ ದಿನಕ್ಕೊಂದು ಎಂದು ಬರೆದುಬಿಟ್ಟರೆ ಕಥೆ ಮುಗಿಯಿತು. ನಾನು ಶನಿವಾರ ರಾತ್ರಿ ಆರಿಸಿಕೊಂಡೆ, ಯಾಕೆಂದರೆ ಮಾರನೇ ದಿನ ವಾಕರಿಕೆ ಇರುತ್ತಿತ್ತು, ಭಾನುವಾರ ರಜೆ. ಅವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರಕ್ಕೂ ಅರಿಶಿನದ ಚುಕ್ಕೆ ಇಟ್ಟಳು. ಮಾತ್ರೆ ನುಂಗಿದ ಮೇಲೆ ಅದರ ಮೇಲೆ ಕುಂಕುಮ. ಓದು ಬರಹ ಬಾರದ ನನ್ನ ಅವ್ವ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಬೇರೆ ದಿನ ಫೋಲಿಕ್ ಆಸಿಡ್. ಆಗಾಗ ರಕ್ತಕಣ, ಲಿವರ್ ಪರೀಕ್ಷೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿದರು. ಪ್ರೆಡ್ನಿಸೋಲೋನ್ ಆಗಲಿ, ಇದಾಗಲಿ ದುಬಾರಿಯಲ್ಲ, ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆ. ನಮಗೆ ಹೊರೆಯಾದದ್ದು ಸ್ಕ್ಯಾನು, ಪ್ರಯಾಣ. ಮಾತ್ರೆಗೆ ಬಗ್ಗದವರಿಗೆ ಟೊಸಿಲಿಜುಮ್ಯಾಬ್‌ನಂಥ ಚುಚ್ಚುಮದ್ದು ಇದೆ, ಅದರ ಬೆಲೆ ಬಹಳ. ನನಗೆ ಅದು ಬೇಕಾಗಲಿಲ್ಲ.

ಈ ಕಾಯಿಲೆ ಹಿಂತಿರುಗುವುದು ಸಾಮಾನ್ಯ. ಸ್ಟೀರಾಯ್ಡ್ 10ಕ್ಕೆ ಇಳಿದಾಗ ನನಗೂ ಕುತ್ತಿಗೆ ನೋವು ಮತ್ತೆ ಬಂತು, ಇಎಸ್ಆರ್ ಏರಿತು. ಡೋಸು ಹೆಚ್ಚಿಸಿ ಮತ್ತೆ ಇಳಿಸುತ್ತಾ ಬಂದರು. ಇಲ್ಲೊಂದು ಸೂಕ್ಷ್ಮ ಇದೆ. ಇಎಸ್ಆರ್, ಸಿಆರ್‌ಪಿ ಸರಿಯಾಗಿದ್ದರೂ ಗೋಡೆಯೊಳಗೆ ಉರಿ ಇರಬಹುದು. ಅದಕ್ಕೇ ಡಾಕ್ಟರ್ ಬರೀ ಕಾಗದ ನೋಡುವುದಿಲ್ಲ. ಪ್ರತಿ ಸಲವೂ ಎಲ್ಲ ನಾಡಿ ಮುಟ್ಟಿ, ಎರಡೂ ಕೈ ಬಿಪಿ ನೋಡಿ, ಕುತ್ತಿಗೆ, ಹೊಟ್ಟೆಯ ಮೇಲೆ ಸದ್ದು ಕೇಳಿ, ಕಳೆದ ಸಲಕ್ಕೂ ಈಗಿಗೂ ಏನು ಬದಲಾಗಿದೆ ಎಂದು ಅಂಕ ಹಾಕುತ್ತಾರೆ. ಐಟಾಸ್ 2010 ಎಂಬ ಆ ಅಂಕಪಟ್ಟಿಯನ್ನು ಮಾಡಿದವರು ನಮ್ಮ ದೇಶದ ರುಮಟಾಲಜಿ ವೈದ್ಯರೇ. ಅದನ್ನು ಕೇಳಿದಾಗ ನನಗೆ ತುಂಬ ಹೆಮ್ಮೆಯಾಯಿತು. ನಮ್ಮಂಥ ರೋಗಿಗಳನ್ನು ಕೂತು ನೋಡಿ, ನಮ್ಮ ದೇಶದವರೇ ಮಾಡಿದ ಕೆಲಸ.

ಉರಿಯೂತ ತಣ್ಣಗಾದ ಮೇಲೆ ಕಿಡ್ನಿಯ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಉರಿ ಇರುವಾಗಲೇ ಮಾಡಿದರೆ ಮತ್ತೆ ಬೇಗ ಮುಚ್ಚಿಕೊಳ್ಳುವ ಸಂಭವ ಹೆಚ್ಚು, ಅದಕ್ಕೇ ಕಾಯಿಸಿದ್ದು. ತೊಡೆಯ ಸಂದಿಯಿಂದ ತಂತಿ ಹಾಕಿದರು, ಎಚ್ಚರವೇ ಇದ್ದೆ. ಆಮೇಲೆ ಕಾಲು ಮಡಿಸದೆ ಮಲಗಬೇಕಿತ್ತು, ಅದೇ ಕಷ್ಟ. ಮೂರು ಬಗೆ ಇದ್ದ ಬಿಪಿ ಮಾತ್ರೆ ಒಂದಕ್ಕೆ ಇಳಿಯಿತು. ತೋಳಿನ ನಾಳವನ್ನು ಮುಟ್ಟಲಿಲ್ಲ. ಬಳಸುದಾರಿ ಚೆನ್ನಾಗಿದೆ, ಸುಮ್ನೆ ಕೆದಕುವುದು ಬೇಡ ಎಂದರು. ನನಗೂ ಅದೇ ಸರಿ ಅನ್ನಿಸಿತು. ಬೋರ್ಡಿನ ಮೇಲೆ ಈಗ ಬಲಗೈಯಲ್ಲಿ ಬರೆಯಲು ಕಲಿತಿದ್ದೇನೆ. ಅಕ್ಷರ ಇನ್ನೂ ದುಂಡಗಾಗಿಲ್ಲ, ಮಕ್ಕಳಿಗೆ ಓದಲು ಬರುತ್ತದೆ.

ನನ್ನ ಪರ್ಸಿನಲ್ಲಿ ಒಂದು ಚೀಟಿ ಯಾವಾಗಲೂ ಇರುತ್ತದೆ. ಕಾಯಿಲೆಯ ಹೆಸರು, ತಗೊಳ್ಳುವ ಮಾತ್ರೆಗಳು, ಬಿಪಿಯನ್ನು ಬಲಗೈಯಲ್ಲೇ ನೋಡಿ ಎಂಬ ಮಾತು, ಸ್ಟೀರಾಯ್ಡ್ ನಿಲ್ಲಿಸಬೇಡಿ ಎಂಬ ಮಾತು. ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬರೆಸಿದ್ದೇನೆ. ದಾರಿಯಲ್ಲಿ ಎಚ್ಚರ ತಪ್ಪಿ ಬಿದ್ದರೆ ಯಾರೋ ಎಡಗೈ ಹಿಡಿದು ನಾಡಿಯೇ ಇಲ್ಲ ಎಂದುಕೊಳ್ಳಬಾರದಲ್ಲ.

ಮದುವೆಯ ಮಾತು ಬಂದಾಗ ಮುಚ್ಚಿಡೋಣ ಎಂದು ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಫೈಲು ಮುಂದಿಟ್ಟೇ ಮಾತಾಡಿದೆ. ಎರಡು ಮನೆಯವರು ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ. ಮಾನ್ವಿಯ ಕಡೆಯ ಒಬ್ಬರು ಫೈಲು ಪೂರ್ತಿ ತಿರುವಿ ನೋಡಿ, ಮುಂದಿನ ಸಲ ಹೈದರಾಬಾದಿಗೆ ನಾನೂ ಬರಲಾ, ಡಾಕ್ಟರನ್ನು ಕೆಲವು ಕೇಳಬೇಕು ಎಂದರು. ಬಂದರು, ಕೇಳಿದರು. ಈಗ ಅವರೇ ನನ್ನ ಗಂಡ.

ಅವರು ಕೇಳಿದ ಮೊದಲ ಪ್ರಶ್ನೆ ಮಗುವಿನ ಬಗ್ಗೆ. ಡಾಕ್ಟರ್ ಅವಸರ ಮಾಡಬೇಡಿ ಎಂದರು, ಬೇಡ ಎನ್ನಲಿಲ್ಲ. ಕಾಯಿಲೆ ತಿಂಗಳುಗಟ್ಟಲೆ ಶಾಂತವಾಗಿರಬೇಕು, ಬಿಪಿ ಹತೋಟಿಯಲ್ಲಿರಬೇಕು. ಮೆಥೋಟ್ರೆಕ್ಸೇಟ್ ಗರ್ಭದ ಮಗುವಿಗೆ ಹಾನಿ ಮಾಡುತ್ತದೆ, ಅದನ್ನು ಮೊದಲೇ ನಿಲ್ಲಿಸಿ ಕೆಲವು ತಿಂಗಳು ಕಾಯಬೇಕು. ಅದರ ಬದಲು ಗರ್ಭಿಣಿಯರಿಗೂ ಕೊಡಬಹುದಾದ ಅಜಾಥಯೋಪ್ರಿನ್ ಇದೆ. ಕೆಲವು ಬಿಪಿ ಮಾತ್ರೆಗಳನ್ನೂ ಬದಲಿಸಬೇಕು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ, ಎಲ್ಲ ವಿಭಾಗದವರೂ ಇರುವ ಕಡೆ ಆಗಬೇಕು.

ಕಳೆದ ಸಲದ ಸ್ಕ್ಯಾನಿನಲ್ಲಿ ಹೊಸ ತೊಂದರೆ ಕಾಣಲಿಲ್ಲ. ಕೆರೋಟಿಡ್ ಗೋಡೆ ಮೊದಲಿಗಿಂತ ತೆಳುವಾಗಿದೆ. ಸ್ಟೀರಾಯ್ಡ್ 5ಕ್ಕೆ ಬಂದಿದೆ. ಶನಿವಾರದ ಮಾತ್ರೆ ನಿಂತು ಅಜಾಥಯೋಪ್ರಿನ್ ಶುರುವಾಗಿದೆ. ಇದು ದಿನಾ ತಗೊಳ್ಳುವ ಮಾತ್ರೆ, ಹಾಗಾಗಿ ಗಂಡನ ಮನೆಯ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುವ ಪದ್ಧತಿ ಬಿಟ್ಟಿದ್ದೇನೆ. ಅವ್ವ ಮಾತ್ರ ಶನಿವಾರ ರಾತ್ರಿ ಫೋನ್ ಮಾಡುವುದನ್ನು ಬಿಟ್ಟಿಲ್ಲ. ಮಾತ್ರೆ ಆಯಿತಾ ಎಂದು ಕೇಳುತ್ತಾಳೆ, ಆಮೇಲೆ ಬಿಪಿ ಎಷ್ಟಿತ್ತು, ಯಾವ ಕೈಯಲ್ಲಿ ನೋಡಿದರು ಎಂದೂ ಕೇಳುತ್ತಾಳೆ.